ಸಂಜೆ ಮುಂಜಾನೆಗಳ ಲೆಕ್ಕ

1844ರ ಅಕ್ಟೋಬರ್ 22, ಮಂಗಳವಾರ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲೋ ಹ್ಯಾಂಪ್ಟನ್ ಎಂಬ ಹಳ್ಳಿಯಲ್ಲಿ ಅರವತ್ತೆರಡು ವರ್ಷದ ರೈತನೊಬ್ಬ ಕಾಯುತ್ತಿದ್ದ. ಹೆಸರು ವಿಲಿಯಂ ಮಿಲ್ಲರ್. ಯೇಸುಕ್ರಿಸ್ತ ಅಂದು ಭೂಮಿಗೆ ಮರಳಿ ಬರುತ್ತಾನೆ, ಈ ಲೋಕದ ಲೆಕ್ಕ ಅಂದಿಗೆ ಮುಗಿಯುತ್ತದೆ ಎಂಬುದು ಅವನ ನಂಬಿಕೆ. ಅವನಂತೆಯೇ ನಂಬಿದ ಹತ್ತಾರು ಸಾವಿರ ಜನ ಊರೂರುಗಳಲ್ಲಿ, ಮನೆಗಳಲ್ಲಿ, ಪ್ರಾರ್ಥನಾ ಮಂದಿರಗಳಲ್ಲಿ ಕೂಡಿ ಕುಳಿತಿದ್ದರು. ಕೆಲವರು ಅಂಗಡಿ ಮುಚ್ಚಿ ಬಂದಿದ್ದರು. ಕೆಲವರು ಬಲಿತ ಬೆಳೆಯನ್ನು ಕೊಯ್ಯದೆ ಹೊಲದಲ್ಲೇ ಬಿಟ್ಟಿದ್ದರು. ಸಾಲ ತೀರಿಸಿ, ಮನಸ್ತಾಪ ಇದ್ದವರ ಬಾಗಿಲಿಗೆ ಹೋಗಿ ಕ್ಷಮೆ ಕೇಳಿ ಬಂದವರೂ ಇದ್ದರು.

ಸಂಜೆಯಾಯಿತು. ನಡುರಾತ್ರಿ ಕಳೆಯಿತು. ಮರುದಿನ ಎಂದಿನಂತೆಯೇ ಬೆಳಕು ಹರಿಯಿತು. ಯಾರೂ ಬರಲಿಲ್ಲ.

ಚರಿತ್ರೆಯ ಪುಸ್ತಕಗಳಲ್ಲಿ ಆ ದಿನಕ್ಕೆ ‘ಮಹಾ ನಿರಾಶೆ’ ಎಂದೇ ಹೆಸರು. ಇಷ್ಟೊಂದು ಜನರನ್ನು ಆ ರಾತ್ರಿ ಎಚ್ಚರವಾಗಿ ಕೂರಿಸಿದ್ದು ಬೈಬಲಿನ ಹಳೆಯ ಒಡಂಬಡಿಕೆಯ ಒಂದು ಪುಟ್ಟ ವಚನ: ದಾನಿಯೇಲನ ಪುಸ್ತಕ, ಎಂಟನೆಯ ಅಧ್ಯಾಯ, ಹದಿನಾಲ್ಕನೆಯ ವಚನ. ಅದೇ ವಚನವನ್ನು ಬೇರೆ ಬೇರೆ ಕ್ರೈಸ್ತ ಪರಂಪರೆಗಳು ನೂರಾರು ವರ್ಷಗಳಿಂದ ಓದುತ್ತ ಬಂದಿವೆ. ಒಬ್ಬೊಬ್ಬರಿಗೂ ಅದು ಒಂದೊಂದು ಮಾತು ಹೇಳಿದೆ. ಅಕ್ಷರ ಅದೇ ಇದ್ದು ಅರ್ಥ ಇಷ್ಟಾದದ್ದು ಹೇಗೆ? ಪುಸ್ತಕ ತೆರೆದು ಕೂರುವ ವಿದ್ಯಾರ್ಥಿಯೂ, ಪಕ್ಕದಲ್ಲಿ ಕೂತು ಓದಿಸುವ ತಂದೆ ತಾಯಿಯೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಆತ ಯಾವ ಧರ್ಮದವನೇ ಇರಲಿ, ಎದುರಿಗಿರುವ ಪುಸ್ತಕ ಯಾವುದೇ ಇರಲಿ.

ಒಲೆಯ ಉರಿಯಲ್ಲಿ ಓದಿದ ಹುಡುಗ

ಮಿಲ್ಲರ್ ಹುಟ್ಟಿದ್ದು 1782ರಲ್ಲಿ, ಮ್ಯಾಸಚೂಸೆಟ್ಸಿನ ಪಿಟ್ಸ್‌ಫೀಲ್ಡಿನಲ್ಲಿ. ಹದಿನಾರು ಮಕ್ಕಳಲ್ಲಿ ಹಿರಿಯವ. ಅಕ್ಷರ ಕಲಿಸಿದ್ದು ತಾಯಿ. ಶಾಲೆ ಎಂದರೆ ಚಳಿಗಾಲದ ಕೆಲವು ತಿಂಗಳು. ಉಳಿದ ಕಾಲವೆಲ್ಲ ಹೊಲದ ದುಡಿಮೆ. ಹುಡುಗನಿಗೆ ಓದಿನ ಹುಚ್ಚು, ಮನೆಯಲ್ಲಿ ಮೇಣದ ಬತ್ತಿಗೂ ಕೈಬಿಗಿ. ಎಲ್ಲರೂ ಮಲಗಿದ ಮೇಲೆ ಅಂಟು ತುಂಬಿದ ಪೈನ್ ಕಟ್ಟಿಗೆಯ ತುಂಡುಗಳನ್ನು ಒಲೆಗೆ ಹಾಕಿ, ಆ ಉರಿಯ ಬೆಳಕಿನಲ್ಲಿ ಓದುತ್ತಿದ್ದ. ಒಂದು ರಾತ್ರಿ ತಂದೆಗೆ ಎಚ್ಚರವಾಗಿ, ಮನೆಗೇ ಬೆಂಕಿ ಬಿತ್ತೆಂದು ಗಾಬರಿಯಿಂದ ಎದ್ದು ಬಂದು, ಮಗನನ್ನು ಗದರಿಸಿ ಮಲಗಲು ಅಟ್ಟಿದನೆಂದು ಅವನ ಜೀವನಚರಿತ್ರೆ ಹೇಳುತ್ತದೆ.

ಯೌವನದಲ್ಲಿ ಮಿಲ್ಲರನಿಗೆ ಬೈಬಲಿನಲ್ಲಿ ನಂಬಿಕೆ ಉಳಿದಿರಲಿಲ್ಲ. ದೇವರು ಲೋಕವನ್ನು ಸೃಷ್ಟಿಸಿ ದೂರ ನಿಂತುಬಿಟ್ಟಿದ್ದಾನೆ ಎನ್ನುವವರ ಜತೆ ಅವನೂ ಸೇರಿದ್ದ. 1812ರಲ್ಲಿ ಬ್ರಿಟನ್ನಿಗೂ ಅಮೆರಿಕಕ್ಕೂ ಯುದ್ಧ ಶುರುವಾದಾಗ ಸೈನ್ಯಕ್ಕೆ ಸೇರಿ ಕ್ಯಾಪ್ಟನ್ ಆದ. 1814ರ ಪ್ಲಾಟ್ಸ್‌ಬರ್ಗ್ ಕದನದಲ್ಲಿ ಸಂಖ್ಯೆಯಲ್ಲಿ ಕಡಿಮೆಯಿದ್ದ ತನ್ನ ಕಡೆಯವರು ಗೆದ್ದದ್ದು ಅವನನ್ನು ಯೋಚನೆಗೆ ಹಚ್ಚಿತು. 1816ರಲ್ಲಿ ಮನಸ್ಸು ಬದಲಾಯಿತು. ಬ್ಯಾಪ್ಟಿಸ್ಟ್ ಸಭೆಗೆ ಸೇರಿದ. ಹಳೆಯ ಗೆಳೆಯರು ಸುಮ್ಮನಿರಲಿಲ್ಲ. ಬೈಬಲಿನ ತುಂಬ ಒಂದಕ್ಕೊಂದು ತಾಳೆಯಾಗದ ಮಾತುಗಳಿವೆಯಲ್ಲ ಎಂದು ಹಂಗಿಸಿದರು. ತಾಳೆ ಹಾಕಿ ತೋರಿಸುತ್ತೇನೆ ಎಂದು ಮಿಲ್ಲರ್ ಪಣ ತೊಟ್ಟ.

ಪಂಡಿತರ ವ್ಯಾಖ್ಯಾನಗಳನ್ನೆಲ್ಲ ಅವನು ಬದಿಗಿಟ್ಟ. ಎದುರಿಗೆ ಇರಿಸಿಕೊಂಡದ್ದು ಬೈಬಲನ್ನು, ಮತ್ತು ಯಾವ ಪದ ಎಲ್ಲೆಲ್ಲಿ ಬರುತ್ತದೆಂದು ತೋರಿಸುವ ಕ್ರೂಡನ್ನನ ಪದಸೂಚಿಯನ್ನು. ಆದಿಕಾಂಡದ ಮೊದಲ ವಚನದಿಂದ ಹೊರಟು, ಒಂದು ವಚನ ಮನಸ್ಸಿಗೆ ಬಿಡಿಸಿಕೊಳ್ಳುವ ತನಕ ಮುಂದಿನದಕ್ಕೆ ಕೈ ಹಾಕುತ್ತಿರಲಿಲ್ಲ. ಹೀಗೆ ಎರಡು ವರ್ಷ! ಇದಕ್ಕಿಂತ ಶ್ರದ್ಧೆಯ ಓದನ್ನು ಯಾವ ಮೇಷ್ಟರು ತಾನೇ ಬಯಸಿಯಾರು? ಯಾರ ಕಣ್ಣಿನಿಂದಲೂ ನೋಡದೆ, ತನ್ನ ಕಣ್ಣಿನಿಂದಲೇ ಓದುತ್ತಿದ್ದೇನೆ ಎಂಬ ಧೈರ್ಯ ಅವನದು. ಆ ಧೈರ್ಯದಲ್ಲೇ ದಾನಿಯೇಲನ ಪುಸ್ತಕಕ್ಕೆ ಬಂದ.

ಟಗರು, ಹೋತ ಮತ್ತು ಒಂದು ಪ್ರಶ್ನೆ

ದಾನಿಯೇಲನ ಎಂಟನೆಯ ಅಧ್ಯಾಯ ಒಂದು ದರ್ಶನ. ಎರಡು ಕೊಂಬಿನ ಟಗರೊಂದು ನದಿಯ ಬಳಿ ನಿಂತಿದೆ. ಪಶ್ಚಿಮದಿಂದ ಹೋತವೊಂದು ನೆಲ ಮುಟ್ಟದಷ್ಟು ರಭಸದಲ್ಲಿ ಬಂದು ಅದನ್ನು ಕೆಡವುತ್ತದೆ. ಹೋತದ ದೊಡ್ಡ ಕೊಂಬು ಮುರಿದು ಅದರ ಜಾಗದಲ್ಲಿ ನಾಲ್ಕು ಕೊಂಬು ಮೂಡುತ್ತವೆ. ಆ ನಾಲ್ಕರಲ್ಲಿ ಒಂದರಿಂದ ಇನ್ನೊಂದು ಚಿಕ್ಕ ಕೊಂಬು ಹೊರಟು, ಬೆಳೆದು, ದೇವಾಲಯದ ನಿತ್ಯಬಲಿಯನ್ನು ನಿಲ್ಲಿಸಿ ಪವಿತ್ರ ಸ್ಥಳವನ್ನು ತುಳಿಯುತ್ತದೆ. ಇದೆಲ್ಲ ಎಷ್ಟು ಕಾಲ ಎಂದು ದೇವದೂತನೊಬ್ಬ ಕೇಳುತ್ತಾನೆ. ಉತ್ತರವೇ ಹದಿನಾಲ್ಕನೆಯ ವಚನ: ಎರಡು ಸಾವಿರದ ಮುನ್ನೂರು ಸಂಜೆ ಮುಂಜಾನೆಗಳ ತನಕ, ಆಮೇಲೆ ಪವಿತ್ರ ಸ್ಥಳ ಸರಿಹೋಗುತ್ತದೆ ಎಂಬುದು ಅದರ ತಾತ್ಪರ್ಯ.

ಒಗಟಿನ ಅರ್ಧವನ್ನು ಅಧ್ಯಾಯವೇ ಬಿಡಿಸುತ್ತದೆ. ಟಗರು ಮೇದ್ಯ-ಪಾರಸಿಯರ ರಾಜ್ಯ, ಹೋತ ಗ್ರೀಕರ ರಾಜ್ಯ ಎಂದು ದೇವದೂತ ಗಬ್ರಿಯೇಲ ತಿಳಿಸುತ್ತಾನೆ. ಚಿಕ್ಕ ಕೊಂಬಿಗೆ ಮಾತ್ರ ಹೆಸರಿಲ್ಲ. ಎರಡು ಸಾವಿರದ ಮುನ್ನೂರು ಎಲ್ಲಿಂದ ಶುರು, ಎಲ್ಲಿಗೆ ಮುಕ್ತಾಯ ಎಂಬುದಕ್ಕೆ ಇಸವಿಯಿಲ್ಲ. ಅಷ್ಟು ಜಾಗ ಖಾಲಿ ಉಳಿದದ್ದೇ ಸಾಕಾಯಿತು.

ಮಿಲ್ಲರನ ಲೆಕ್ಕ ಹೀಗಿತ್ತು. ಪ್ರವಾದನೆಯಲ್ಲಿ ಒಂದು ದಿನವೆಂದರೆ ಒಂದು ವರ್ಷ; ಅರಣ್ಯಕಾಂಡದಲ್ಲೂ ಯೆಹೆಜ್ಕೇಲನ ಪುಸ್ತಕದಲ್ಲೂ ದಿನಕ್ಕೊಂದು ವರ್ಷದಂತೆ ಎಣಿಸಿದ ಪ್ರಸಂಗಗಳಿವೆ. ಹಾಗಾದರೆ ಇದು 2300 ವರ್ಷ. ಆರಂಭ ಎಲ್ಲಿ? ಮುಂದಿನ ಅಧ್ಯಾಯದಲ್ಲಿ ಗಬ್ರಿಯೇಲ ಮತ್ತೆ ಬಂದು ಎಪ್ಪತ್ತು ವಾರಗಳ ಮಾತಾಡುತ್ತಾನೆ. ಅವು ಶುರುವಾಗುವುದು ಜೆರುಸಲೇಮನ್ನು ಮತ್ತೆ ಕಟ್ಟುವ ಅಪ್ಪಣೆಯಿಂದ. ಎರಡು ಅವಧಿಗಳೂ ಒಟ್ಟಿಗೇ ಶುರುವಾಗುತ್ತವೆಂದು ಮಿಲ್ಲರ್ ಇಟ್ಟುಕೊಂಡ. ಪಾರಸಿಯ ದೊರೆ ಅರ್ತಷಸ್ತ ತನ್ನ ಆಳ್ವಿಕೆಯ ಏಳನೆಯ ವರ್ಷದಲ್ಲಿ ಎಜ್ರನಿಗೆ ಕೊಟ್ಟ ಅಪ್ಪಣೆಯೇ ಅದು, ಇಸವಿ ಕ್ರಿಸ್ತಪೂರ್ವ 457 ಎಂದುಕೊಂಡ. 2300ರಲ್ಲಿ 457 ಕಳೆದರೆ ಉಳಿಯುವುದು 1843. ಶುದ್ಧವಾಗಬೇಕಾದ ಪವಿತ್ರ ಸ್ಥಳವೆಂದರೆ ಈ ಭೂಮಿ. ಅದು ಶುದ್ಧವಾಗುವುದು ಕ್ರಿಸ್ತನ ಬರುವಿಕೆಯ ಬೆಂಕಿಯಲ್ಲಿ!

ಪ್ರಾಥಮಿಕ ಶಾಲೆಯ ಹುಡುಗನೂ ಮಾಡಬಹುದಾದ ಕಳೆಯುವ ಲೆಕ್ಕ. ಉತ್ತರ ಬಂದಾಗ ಇಸವಿ 1818. ಉಳಿದದ್ದು ಇಪ್ಪತ್ತೈದು ವರ್ಷ ಮಾತ್ರ. ಮಿಲ್ಲರ್ ಬೆದರಿದ. ಹದಿಮೂರು ವರ್ಷ ಲೆಕ್ಕವನ್ನು ಮತ್ತೆ ಮತ್ತೆ ಪರೀಕ್ಷಿಸುತ್ತ, ಜನರ ಮುಂದೆ ನಿಲ್ಲಲು ಹಿಂಜರಿಯುತ್ತ ಕಳೆದ. 1831ರ ಆಗಸ್ಟಿನ ಒಂದು ದಿನ, ಯಾರಾದರೂ ಕರೆದರೆ ಹೋಗಿ ಹೇಳುತ್ತೇನೆ ಎಂದು ದೇವರಿಗೆ ಮಾತು ಕೊಟ್ಟ. ಅಂದೇ ಪಕ್ಕದ ಊರಿನಿಂದ ಕರೆ ಬಂತು. 1840ರಿಂದ ಬಾಸ್ಟನ್ನಿನ ಪಾದ್ರಿ ಜೋಶುವಾ ಹೈಮ್ಸ್ ಪತ್ರಿಕೆ ಹೊರಡಿಸಿ ಈ ಲೆಕ್ಕವನ್ನು ದೇಶಕ್ಕೆಲ್ಲ ಹರಡಿದ.

1844ರ ಮಾರ್ಚ್ 21 ತಮ್ಮ ಗಡುವಿನ ಕೊನೆ ಎಂದಿದ್ದರು. ಅದು ಸುಮ್ಮನೆ ದಾಟಿಹೋಯಿತು. ಆಗ ಲೆಕ್ಕದ ಒಂದು ಸೂಕ್ಷ್ಮ ಮುಂದೆ ಬಂತು. ಕ್ರಿಸ್ತಪೂರ್ವ 1ರ ಮರುವರ್ಷವೇ ಕ್ರಿಸ್ತಶಕ 1. ನಡುವೆ ಸೊನ್ನೆಯ ವರ್ಷವಿಲ್ಲ. ಆದ್ದರಿಂದ ಉತ್ತರ 1843 ಅಲ್ಲ, 1844. ಆ ಆಗಸ್ಟಿನಲ್ಲಿ ಸ್ಯಾಮ್ಯುಯೆಲ್ ಸ್ನೋ ಎಂಬ ಬೋಧಕ ಇನ್ನೊಂದು ಹೆಜ್ಜೆ ಮುಂದೆ ಹೋದ. ಪವಿತ್ರ ಸ್ಥಳ ಶುದ್ಧವಾಗುವುದೆಂದರೆ ಯೆಹೂದ್ಯರ ದೋಷಪರಿಹಾರಕ ದಿನವೇ ಇರಬೇಕು. ಆ ವರ್ಷ ಅದು ಬೀಳುವುದು ಅಕ್ಟೋಬರ್ 22ಕ್ಕೆ ಎಂದ. ಮಿಲ್ಲರ್ ಸ್ವತಃ ಈ ತಾರೀಖನ್ನು ಒಪ್ಪಿದ್ದು ಅಕ್ಟೋಬರ್ ಬಂದ ಮೇಲೆಯೇ.

ಬದಿಗಿಟ್ಟ ಪುಸ್ತಕಗಳಲ್ಲಿ ಇದ್ದದ್ದು

ಮಿಲ್ಲರ್ ಪಕ್ಕಕ್ಕೆ ಸರಿಸಿದ ಹಳೆಯ ವ್ಯಾಖ್ಯಾನಗಳಲ್ಲಿ ಏನಿತ್ತು? ಚಿಕ್ಕ ಕೊಂಬಿಗೆ ಒಂದು ಹೆಸರಿತ್ತು: ನಾಲ್ಕನೆಯ ಆಂಟಿಯೋಕಸ್. ಅಲೆಕ್ಸಾಂಡರನ ಸಾಮ್ರಾಜ್ಯ ಅವನ ಸೇನಾಪತಿಗಳಲ್ಲಿ ಹಂಚಿಹೋದ ಮೇಲೆ ಸಿರಿಯದಲ್ಲಿ ಆಳಿದ ಗ್ರೀಕ್ ವಂಶದ ದೊರೆ ಈತ. ಕ್ರಿಸ್ತಪೂರ್ವ 167ರಲ್ಲಿ ಜೆರುಸಲೇಮಿನ ದೇವಾಲಯದ ನಿತ್ಯಬಲಿಯನ್ನು ನಿಲ್ಲಿಸಿ, ಅಲ್ಲಿ ಅನ್ಯದೇವರ ಬಲಿಪೀಠ ಇಡಿಸಿದ. ಯೂದ ಮಕ್ಕಬಿಯನ ನಾಯಕತ್ವದಲ್ಲಿ ಯೆಹೂದ್ಯರು ತಿರುಗಿಬಿದ್ದು, ಕ್ರಿಸ್ತಪೂರ್ವ 164ರಲ್ಲಿ ದೇವಾಲಯವನ್ನು ಮರಳಿ ಪಡೆದು ಶುದ್ಧಿ ಮಾಡಿದರು. ಯೆಹೂದ್ಯರ ಹನುಕ್ಕಾ ದೀಪಗಳ ಹಬ್ಬ ಇಂದಿಗೂ ಅದರ ನೆನಪು. ದಿನಕ್ಕೆ ಮುಂಜಾನೆ ಒಂದು, ಸಂಜೆ ಒಂದು ಬಲಿ. ನಿಂತುಹೋದ 2300 ಬಲಿಗಳೆಂದರೆ 1150 ದಿನ, ಮೂರು ವರ್ಷಕ್ಕೆ ಸ್ವಲ್ಪ ಹೆಚ್ಚು ಎಂದು ಒಂದು ಎಣಿಕೆ. ಅಲ್ಲ, 2300 ಪೂರ್ಣ ದಿನಗಳೇ, ಆರು ವರ್ಷಕ್ಕೆ ಮಿಕ್ಕಿದ ಸಂಕಟಕಾಲ ಎಂದು ಇನ್ನೊಂದು.

ಇಲ್ಲೊಂದು ಸಂಗತಿ ಗಮನಿಸಬೇಕು. ಈ ಆಂಟಿಯೋಕಸನ ಕಥೆ ವಿವರವಾಗಿ ಇರುವುದು ಮಕ್ಕಬಿಯರ ಪುಸ್ತಕಗಳಲ್ಲಿ. ಕಥೋಲಿಕರ ಮತ್ತು ಆರ್ಥೊಡಾಕ್ಸ್ ಕ್ರೈಸ್ತರ ಬೈಬಲಿನಲ್ಲಿ ಅವು ಸೇರಿವೆ. ಪ್ರೊಟೆಸ್ಟಂಟರು ಅವನ್ನು ಶಾಸ್ತ್ರಗ್ರಂಥವೆಂದು ಎಣಿಸುವುದಿಲ್ಲ. ಕನ್ನಡದಲ್ಲೂ ಹೀಗೆಯೇ: ಕಥೋಲಿಕರ ಬೈಬಲಿನಲ್ಲಿ ಮಕ್ಕಬಿಯರಿದ್ದಾರೆ, ಪ್ರೊಟೆಸ್ಟಂಟರ ಸತ್ಯವೇದದಲ್ಲಿ ಇಲ್ಲ. ಒಬ್ಬ ಓದುಗನಿಗೆ ಒಗಟಿನ ಉತ್ತರ ಅದೇ ಗ್ರಂಥದ ಇನ್ನೊಂದು ಪುಟದಲ್ಲಿ ಸಿಗುತ್ತದೆ; ಇನ್ನೊಬ್ಬನ ಕೈಯ ಗ್ರಂಥದಲ್ಲಿ ಆ ಪುಟವೇ ಇಲ್ಲ. ಓದು ಬೇರೆಯಾಗುವುದು ಇಂಥ ಕಡೆಯಿಂದಲೂ.

ಮೂರನೆಯ ಶತಮಾನದ ತತ್ವಜ್ಞಾನಿ ಪಾರ್ಫಿರಿ ಕ್ರೈಸ್ತಧರ್ಮದ ಟೀಕಾಕಾರ. ದಾನಿಯೇಲನ ಪುಸ್ತಕ ಆಂಟಿಯೋಕಸನ ಕಾಲದಲ್ಲೇ ಬರೆದದ್ದು, ನಡೆದದ್ದನ್ನು ಮುಂದೆ ನಡೆಯುವುದೆಂದು ಹೇಳಿದೆ ಎಂದು ಅವನ ವಾದ. ಐದನೆಯ ಶತಮಾನದ ಆರಂಭದಲ್ಲಿ ಸಂತ ಜೆರೋಮ್ ಅದಕ್ಕೆ ಎದುರುತ್ತರ ಬರೆದ. ಎಂಟನೆಯ ಅಧ್ಯಾಯಕ್ಕೆ ಬಂದಾಗ ಜೆರೋಮನೂ ಆಂಟಿಯೋಕಸನನ್ನು ಅಲ್ಲಗಳೆಯಲಿಲ್ಲ. ಆದರೆ ಆಗ ನಡೆದದ್ದು ಕೊನೆಗಾಲದಲ್ಲಿ ಬರಲಿರುವ ಕ್ರಿಸ್ತವಿರೋಧಿಯ ಮುನ್ನೆರಳು ಎಂದು ಬಹುಪಾಲು ಕ್ರೈಸ್ತ ವ್ಯಾಖ್ಯಾನಕಾರರು ತಿಳಿಯುತ್ತಾರೆ ಎಂದ. ಒಂದೇ ಮಾತಿಗೆ ಎರಡು ಕಾಲ: ಒಂದು ಆಗಿಹೋದದ್ದು, ಒಂದು ಆಗಬೇಕಾದದ್ದು. ಮಧ್ಯಯುಗ ಬಹುಮಟ್ಟಿಗೆ ಈ ದಾರಿಯಲ್ಲೇ ನಡೆಯಿತು.

ಹದಿನಾರನೆಯ ಶತಮಾನದಲ್ಲಿ ಪ್ರೊಟೆಸ್ಟಂಟ್ ಸುಧಾರಣೆ ಬಂತು. ರೋಮಿನ ಪೋಪ್ ಪದವಿಯೇ ಕ್ರಿಸ್ತವಿರೋಧಿ ಎಂದು ಲೂಥರ್ ಸಾರಿದ. ಪ್ರವಾದನೆಗಳೆಂದರೆ ಚರ್ಚಿನ ಶತಮಾನಗಳ ಚರಿತ್ರೆಯ ನಕ್ಷೆ, ಅದರಲ್ಲಿ ದಿನಗಳೆಂದರೆ ವರ್ಷಗಳು ಎನ್ನುವ ಓದು ಪ್ರೊಟೆಸ್ಟಂಟರಲ್ಲಿ ಬಲಿಯಿತು. ಎಲ್ಲರೂ ಒಪ್ಪಿದರೆಂದಲ್ಲ. ಕಾಲ್ವಿನ್ ಈ 2300ನ್ನು ಸಾಮಾನ್ಯ ದಿನಗಳೆಂದೇ ಹಿಡಿದು ಆಂಟಿಯೋಕಸನ ಕಾಲಕ್ಕೇ ಸೇರಿಸಿದ. ಗುರುತ್ವಾಕರ್ಷಣೆಯ ನ್ಯೂಟನ್ ಕೂಡ ದಾನಿಯೇಲನನ್ನು ವರ್ಷಗಟ್ಟಲೆ ಓದಿದವನೇ. ಅವನ ಪುಸ್ತಕ ಹೊರಬಂದದ್ದು ಅವನು ತೀರಿಕೊಂಡ ಮೇಲೆ, 1733ರಲ್ಲಿ. ದಿನವೆಂದರೆ ವರ್ಷವೆಂದು ಅವನೂ ಎಣಿಸಿದ. ಆದರೆ ಈ ಗ್ರಂಥಗಳನ್ನು ಹಿಡಿದು ಭವಿಷ್ಯ ನುಡಿಯ ಹೊರಡುವುದು ವ್ಯಾಖ್ಯಾನಕಾರರ ಮೂರ್ಖತನ, ದೇವರು ಅವರನ್ನು ಪ್ರವಾದಿಗಳನ್ನಾಗಿ ಮಾಡಲು ಇವನ್ನು ಕೊಟ್ಟದ್ದಲ್ಲ ಎಂಬ ಅರ್ಥದ ಎಚ್ಚರಿಕೆಯನ್ನೂ ಬರೆದಿಟ್ಟ.

ಅಂಚಿನಲ್ಲಿದ್ದ ಮಾತು

ಹಾಗಾದರೆ ಮಿಲ್ಲರ್ ನಿಜಕ್ಕೂ ಯಾರ ಕಣ್ಣಿನಿಂದಲೂ ನೋಡದೆ ಓದಿದನೇ? ದಿನವೆಂದರೆ ವರ್ಷ ಎಂಬ ಸೂತ್ರ ಅವನ ಸುತ್ತಲಿನ ಪ್ರೊಟೆಸ್ಟಂಟ್ ಗಾಳಿಯಲ್ಲೇ ಇತ್ತು. ಕ್ರಿಸ್ತಪೂರ್ವ 457 ಎಂಬ ಇಸವಿ ಬೈಬಲಿನ ಮೂಲದಲ್ಲಿಲ್ಲ. ಆ ಕಾಲದ ಇಂಗ್ಲಿಷ್ ಬೈಬಲುಗಳ ಅಂಚಿನಲ್ಲಿ, ಆರ್ಚ್‌ಬಿಷಪ್ ಅಶರ್ ಹದಿನೇಳನೆಯ ಶತಮಾನದಲ್ಲಿ ಮಾಡಿದ ಕಾಲಗಣನೆಯನ್ನು ಅನುಸರಿಸಿ ಇಸವಿಗಳನ್ನು ಅಚ್ಚು ಹಾಕುತ್ತಿದ್ದರು. ಎಜ್ರನ ಪುಸ್ತಕದ ಪಕ್ಕದಲ್ಲಿ 457 ಎಂದು ಇತ್ತು. ವ್ಯಾಖ್ಯಾನಗಳನ್ನು ಮುಂಬಾಗಿಲಿನಿಂದ ಹೊರಗಟ್ಟಿದರೂ ಅವು ಅಂಚಿನ ಸಂದಿಯಿಂದ ಒಳಬಂದಿದ್ದವು.

ಇನ್ನೂ ಕುತೂಹಲದ ಸಂಗತಿ ದಾನಿಯೇಲನ ಪುಟದಲ್ಲೇ ಇದೆ. ಮಿಲ್ಲರ್ ಓದಿದ ಕಿಂಗ್ ಜೇಮ್ಸ್ ಅನುವಾದದ ಈ ವಚನದಲ್ಲಿ ‘ದಿನಗಳು’ ಎಂದಿದೆ, ‘ಶುದ್ಧವಾಗುತ್ತದೆ’ ಎಂದಿದೆ. ಹೀಬ್ರೂ ಮೂಲದಲ್ಲಿರುವುದು ‘ಸಂಜೆ ಮುಂಜಾನೆ’. ಕೊನೆಯ ಕ್ರಿಯಾಪದವೂ ನ್ಯಾಯ, ನೀತಿ ಎಂಬ ಅರ್ಥದ ಧಾತುವಿನಿಂದ ಬಂದದ್ದು. ಸರಿಪಡಿಸು, ನ್ಯಾಯ ಒದಗಿಸು ಎಂಬುದು ಅದರ ಭಾವ. ‘ಶುದ್ಧವಾಗು’ ಎಂದದ್ದು ಹಳೆಯ ಗ್ರೀಕ್ ಅನುವಾದ. ಲ್ಯಾಟಿನ್ ಅದನ್ನು ಅನುಸರಿಸಿತು, ಇಂಗ್ಲಿಷೂ ಹಾಗೆಯೇ ಬರೆಯಿತು. 1611ರ ಆ ಅನುವಾದಕರು ಪ್ರಾಮಾಣಿಕರು. ಮೂಲದ ಎರಡೂ ಪದಗಳ ಅಕ್ಷರಶಃ ಅರ್ಥವನ್ನು ಸಣ್ಣ ಅಕ್ಷರದಲ್ಲಿ ಅಂಚಿನಲ್ಲಿ ಕೊಟ್ಟಿದ್ದರು. ‘ಶುದ್ಧ’ ಎಂಬ ಒಂದು ಪದ ಇಲ್ಲದಿದ್ದರೆ ದೋಷಪರಿಹಾರಕ ದಿನದ ನೆನಪು ಅಷ್ಟು ಸುಲಭವಾಗಿ ಬರುತ್ತಿರಲಿಲ್ಲ. ಅಕ್ಟೋಬರ್ 22 ಎಂಬ ತಾರೀಖೂ ಹುಟ್ಟುತ್ತಿತ್ತೋ ಇಲ್ಲವೋ! ಅಂಚಿನಲ್ಲಿದ್ದ ಇಸವಿ ಲೆಕ್ಕಕ್ಕೆ ಬಂತು, ಅಂಚಿನಲ್ಲಿದ್ದ ಪದಾರ್ಥ ಲೆಕ್ಕಕ್ಕೆ ಬರಲಿಲ್ಲ.

ಮಿಲ್ಲರನ ಗಣಿತ ತಪ್ಪಾಗಿರಲಿಲ್ಲ. 2300ರಲ್ಲಿ 457 ಹೋದರೆ 1843 ಎಂಬುದು ಎಂದಿಗೂ ನಿಜ. ಉತ್ತರಪತ್ರಿಕೆಯ ಕೊನೆಯ ಸಾಲನ್ನು ಹತ್ತು ಸಲ ಪರೀಕ್ಷಿಸಿ, ಮೊದಲ ಸಾಲಿನಲ್ಲಿ ‘ಎಂದು ಇಟ್ಟುಕೊಳ್ಳೋಣ’ ಎಂದು ಬರೆದದ್ದನ್ನು ಮರೆತುಬಿಡುವ ವಿದ್ಯಾರ್ಥಿಯ ಹಾಗಾಯಿತು ಅವನ ಕಥೆ.

ಬೆಳಗಾದ ಮೇಲೆ

ನಿರಾಶೆಯ ಮರುದಿನದಿಂದಲೇ ಹೊಸ ಓದುಗಳು ಹುಟ್ಟಿದವು. ನ್ಯೂಯಾರ್ಕ್ ರಾಜ್ಯದ ಪೋರ್ಟ್ ಗಿಬ್ಸನ್ ಎಂಬಲ್ಲಿ ಹೈರಮ್ ಎಡ್ಸನ್ ಮತ್ತು ಅವನ ಗೆಳೆಯರು ಬೆಳಗಿನ ತನಕ ಅತ್ತಿದ್ದರು. ಬೆಳಗಾದ ಮೇಲೆ ಜೋಳದ ಹೊಲ ದಾಟಿ ಹೋಗುವಾಗ ಎಡ್ಸನ್ನನಿಗೆ ಒಂದು ವಿಷಯ ಹೊಳೆಯಿತು: ತಾರೀಖು ಸರಿ, ಘಟನೆ ಬೇರೆ. ಪವಿತ್ರ ಸ್ಥಳವೆಂದರೆ ಭೂಮಿಯಲ್ಲ, ಪರಲೋಕದ ಪವಿತ್ರಾಲಯ. ಕ್ರಿಸ್ತ ಅಂದು ಅಲ್ಲಿ ತನ್ನ ಕೆಲಸದ ಹೊಸ ಘಟ್ಟ ಆರಂಭಿಸಿದ್ದಾನೆ. ಹೊಸ ಒಡಂಬಡಿಕೆಯ ಇಬ್ರಿಯರ ಪತ್ರಿಕೆಯನ್ನು ಪಕ್ಕದಲ್ಲಿಟ್ಟು ಈ ಓದನ್ನು ಬೆಳೆಸಿದವರು 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯಾಗಿ ಸಂಘಟಿತರಾದರು. ಶನಿವಾರವನ್ನು ಸಬ್ಬತ್ತಾಗಿ ಆಚರಿಸುವ ಈ ಸಭೆಯ ಶಾಲೆಗಳು, ಆಸ್ಪತ್ರೆಗಳು ಜಗತ್ತಿನ ಹಲವು ದೇಶಗಳಲ್ಲಿವೆ. ಬೆಂಗಳೂರಿನಲ್ಲೂ ಅದರ ಶಿಕ್ಷಣ ಸಂಸ್ಥೆ ಇದೆ. ಹೊರಗಿನವರು ನಿರಾಶೆ ಎಂದು ಕರೆಯುವ ದಿನ ಆ ಸಭೆಯವರ ಪಾಲಿಗೆ ಒಂದು ಬಾಗಿಲು ತೆರೆದ ದಿನ.

ಬ್ರಿಟನ್ನಿನಲ್ಲಿ ಜಾನ್ ನೆಲ್ಸನ್ ಡಾರ್ಬಿ ಬೆಳೆಸಿದ ಇನ್ನೊಂದು ಪ್ರೊಟೆಸ್ಟಂಟ್ ಪರಂಪರೆ 1909ರಲ್ಲಿ ಬಂದ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳ ಮೂಲಕ ಅಮೆರಿಕದ ಮನೆಮನೆಗೆ ಹೋಯಿತು. ಅದರಂತೆ ಚಿಕ್ಕ ಕೊಂಬು ಮೊದಲಿಗೆ ಆಂಟಿಯೋಕಸನೇ, ಅವನ ಹಿಂದೆ ಕೊನೆಗಾಲದ ದುಷ್ಟ ದೊರೆಯ ನೆರಳಿದೆ. ಕಥೋಲಿಕ ಸಭೆಯಲ್ಲಿ ಹನ್ನೆರಡನೆಯ ಪಿಯುಸ್ ಪೋಪರು 1943ರಲ್ಲಿ ಮೂಲಭಾಷೆಗಳನ್ನೂ, ಬರಹದ ಪ್ರಕಾರಗಳನ್ನೂ ಅರಿತು ಬೈಬಲನ್ನು ಅಭ್ಯಾಸ ಮಾಡಬೇಕೆಂದು ವಿದ್ವಾಂಸರನ್ನು ಪ್ರೋತ್ಸಾಹಿಸಿದರು. ಈಗ ಕಥೋಲಿಕ, ಪ್ರೊಟೆಸ್ಟಂಟ್ ಎನ್ನದೆ ಬಹುಪಾಲು ವಿಶ್ವವಿದ್ಯಾಲಯದ ವಿದ್ವಾಂಸರು ಈ ಅಧ್ಯಾಯ ಆಂಟಿಯೋಕಸನ ಕಾಲದ್ದೆನ್ನುತ್ತಾರೆ. ದಬ್ಬಾಳಿಕೆಯಲ್ಲಿ ನರಳುವವರಿಗೆ ಈ ಕಷ್ಟಕ್ಕೊಂದು ಕೊನೆಯಿದೆ, ಅದರ ದಿನಗಳು ಎಣಿಕೆಯವು ಎಂದು ಹೇಳಿದ ಸಾಂತ್ವನ ಎನ್ನುತ್ತಾರೆ. ದಾನಿಯೇಲ ಕ್ರಿಸ್ತಪೂರ್ವ ಆರನೆಯ ಶತಮಾನದ ಪ್ರವಾದಿಯೇ, ಇದು ಮುಂಚಿತವಾಗಿ ಕಂಡದ್ದೇ ಎನ್ನುವ ಸಂಪ್ರದಾಯನಿಷ್ಠ ವಿದ್ವಾಂಸರೂ ಇದ್ದಾರೆ. ಯೆಹೂದ್ಯರ ಬೈಬಲಿನಲ್ಲಂತೂ ದಾನಿಯೇಲನ ಪುಸ್ತಕ ಇರುವುದು ಪ್ರವಾದಿಗಳ ಸಾಲಿನಲ್ಲಲ್ಲ, ‘ಬರಹಗಳು’ ಎಂಬ ಭಾಗದಲ್ಲಿ.

ಇಷ್ಟು ಓದುಗಳಲ್ಲಿ ಯಾವುದು ಸರಿ ಎಂಬುದನ್ನು ಆಯಾ ನಂಬಿಕೆಯವರು ನಿರ್ಧರಿಸಿಕೊಳ್ಳುತ್ತಾರೆ. ಆದರೆ ಬರಿಗೈಯಲ್ಲಿ ಪುಸ್ತಕ ತೆರೆಯುವವರು ಯಾರೂ ಇಲ್ಲ ಎಂಬುದನ್ನು ಎಲ್ಲರೂ ಒಪ್ಪಬಹುದು. ಯಾವ ಅನುವಾದ, ಪಕ್ಕದಲ್ಲಿ ಯಾವ ಪುಸ್ತಕ, ಅಡಿಯಲ್ಲಿ ಯಾರ ಟಿಪ್ಪಣಿ, ಮನಸ್ಸಿನಲ್ಲಿ ಯಾವ ಭಯ, ಯಾವ ಆಸೆ... ಇವೆಲ್ಲ ಓದುಗನ ಜತೆಗೇ ಬರುತ್ತವೆ. ಬರುವುದು ತಪ್ಪಲ್ಲ. ಬಂದದ್ದನ್ನು ನೋಡಿಕೊಳ್ಳದಿರುವುದು ತೊಂದರೆ.

ಒಪ್ಪಿಕೊಂಡ ಮನುಷ್ಯ

ಮಿಲ್ಲರನ ನಿಜವಾದ ಪರೀಕ್ಷೆ ಅಕ್ಟೋಬರ್ 23ರಂದು ಶುರುವಾಯಿತು. ಜನ ಗೇಲಿ ಮಾಡಿದರು. ಅವನ ಕಡೆಯವರು ಬಿಳಿ ನಿಲುವಂಗಿ ತೊಟ್ಟು ಬೆಟ್ಟ ಹತ್ತಿ ಕಾದಿದ್ದರೆಂಬ ಕಥೆಯೂ ಹುಟ್ಟಿ ಹರಡಿತು. ಮುಂದೆ ಹುಡುಕಿದವರಿಗೆ ಅದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. 1845ರಲ್ಲಿ ಅವನ ಊರಿನ ಸಭೆ ಅವನನ್ನು ಹೊರಹಾಕಿತು. ಹೊಸ ತಾರೀಖು ಹೇಳಿ ಮಾನ ಉಳಿಸಿಕೊಳ್ಳುವ ದಾರಿ ಇತ್ತು. ಹಿಂಬಾಲಕರಲ್ಲಿ ಕೆಲವರು ಹಾಗೆ ಮಾಡಿದರು. ಮಿಲ್ಲರ್ ಅದೇ ವರ್ಷ ಒಂದು ಕಿರುಪುಸ್ತಕ ಬರೆದು, ಕಾಲದ ಲೆಕ್ಕದಲ್ಲಿ ತಾನು ತಪ್ಪಿದೆ ಎಂದು ತನ್ನ ಹೆಸರಿನಲ್ಲೇ ಒಪ್ಪಿಕೊಂಡ. ಕ್ರಿಸ್ತ ಬರುತ್ತಾನೆಂಬ ನಂಬಿಕೆಯನ್ನು ಬಿಡಲಿಲ್ಲ. ಕೊನೆಯ ದಿನಗಳಲ್ಲಿ ಕಣ್ಣು ಮಂಜಾಗಿ ಓದು ನಿಂತುಹೋಯಿತು. 1849ರ ಡಿಸೆಂಬರ್ 20ರಂದು ತೀರಿಕೊಂಡ.

ತಪ್ಪು ಓದಿದವರು ಲೋಕದಲ್ಲಿ ಲಕ್ಷಾಂತರ. ಸಾವಿರಾರು ಜನರೆದುರು ಹೇಳಿದ ಮಾತನ್ನು ಸಾವಿರಾರು ಜನರೆದುರೇ ತಪ್ಪಿತೆಂದು ಒಪ್ಪಿದವರು ಬೆರಳೆಣಿಕೆಯಷ್ಟು. ಹಾಳೆಯ ಮೇಲೆ ಕೆಂಪು ಶಾಯಿ ಕಂಡು ಮುಖ ಸಣ್ಣದು ಮಾಡಿಕೊಳ್ಳುವ ಮಕ್ಕಳಿಗೆ ಈ ರೈತನ ಕಥೆ ಹೇಳಬಹುದು.

ಮನೆಯ ಹಿರಿಯರಿಗೂ ಅದರಲ್ಲಿ ಒಂದು ಮಾತಿದೆ. ಪೈನ್ ಕಟ್ಟಿಗೆಯ ಉರಿ ಕಂಡು ಓಡಿಬಂದ ಆ ತಂದೆ, ಗದರಿಸಿ ಅಟ್ಟುವ ಬದಲು ಒಲೆಯ ಪಕ್ಕದಲ್ಲೇ ಕೂತು, “ಏನೋ ಮಗು, ಏನು ಓದ್ತಾ ಇದ್ದೀಯ? ನನಗೂ ಸ್ವಲ್ಪ ಹೇಳು” ಎಂದಿದ್ದರೆ? ಹುಡುಗ ಒಬ್ಬನೇ ಓದುವುದನ್ನು ಅಷ್ಟರ ಮಟ್ಟಿಗೆ ರೂಢಿ ಮಾಡಿಕೊಳ್ಳುತ್ತಿರಲಿಲ್ಲವೋ ಏನೋ. ಅಂಚಿನ ಸಣ್ಣ ಅಕ್ಷರಗಳು ಕೆಲವೊಮ್ಮೆ ಪಕ್ಕದಲ್ಲಿ ಕೂತವರ ಕಣ್ಣಿಗೇ ಮೊದಲು ಬೀಳುತ್ತವೆ.